ಹುಲ್ಲುಹಾಸಿನ ಮೇಲೆ ಖೋ ಖೋ

ನಿಂಬೆಹಣ್ಣು-ಚಮಚದ ಓಟ ನನಗೆ ಬೇಡವಾಗಿತ್ತು. ಇಷ್ಟೆಲ್ಲ ಆದದ್ದಕ್ಕೆ ಮೂಲ ಅದೊಂದೇ.

ಜನವರಿ ಇಪ್ಪತ್ತಾರಕ್ಕೆ ನಮ್ಮ ಸೊಸೈಟಿಯಲ್ಲಿ ಆಟೋಟದ ಸ್ಪರ್ಧೆ ಇಡುತ್ತಾರೆ. ಗಂಡಸರಿಗೆ ಕ್ರಿಕೆಟ್, ಮಕ್ಕಳಿಗೆ ಸ್ಕೇಟಿಂಗು, ಹೆಂಗಸರಿಗೆ ಬಾಯಲ್ಲಿ ಚಮಚ ಕಚ್ಚಿಕೊಂಡು ಅದರ ಮೇಲೆ ನಿಂಬೆಹಣ್ಣು ಇಟ್ಟುಕೊಂಡು ನಡೆಯುವ ಆಟ. ಅದರ ಸಿದ್ಧತೆಗೆಂದು ಕ್ಲಬ್‌ಹೌಸಿನಲ್ಲಿ ಹೆಂಗಸರ ಸಭೆ ಕರೆದಿದ್ದರು. ನಾನು ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ನಿಂಬೆಹಣ್ಣು ದೊಡ್ಡದಿರಬೇಕೋ ಸಣ್ಣದಿರಬೇಕೋ ಎಂದು ಇಬ್ಬರು ಬಹಳ ಹೊತ್ತು ಚರ್ಚೆ ಮಾಡಿದರು. ನನಗೆ ತಡೆಯಲಾಗಲಿಲ್ಲ. ಕುಳಿತಲ್ಲಿಂದಲೇ ಹಿಂದಿಯಲ್ಲಿ, "ಇದರ ಬದಲು ಖೋ ಖೋ ಆಡಿದರೆ ಆಗೋದಿಲ್ವಾ?" ಎಂದುಬಿಟ್ಟೆ.

ಎಲ್ಲರೂ ತಿರುಗಿ ನೋಡಿದರು. ನನ್ನ ಕಿವಿ ಬಿಸಿಯಾಯಿತು. ಆ ಸೊಸೈಟಿಗೆ ಬಂದು ಎರಡು ವರ್ಷ ಕಳೆದಿದ್ದರೂ ಸಭೆಯಲ್ಲಿ ನಾನು ಬಾಯಿ ತೆರೆದದ್ದು ಅದೇ ಮೊದಲು.

ನಾಗಪುರ ನನಗೆ ಹೊಸ ಊರಲ್ಲ. ವಿಜಯಪುರದ ಕಡೆಯ ಹುಡುಗಿ ನಾನು, ರೈಲ್ವೆ ನೌಕರನನ್ನು ಮದುವೆಯಾಗಿ ಇಲ್ಲಿಗೆ ಬಂದೆ. ಅವರು ನಿವೃತ್ತರಾಗುವ ತನಕ ರೈಲ್ವೆ ಕ್ವಾರ್ಟರ್ಸಿನಲ್ಲೇ ಸಂಸಾರ. ಆದರೆ ವರ್ಧಾ ರಸ್ತೆಯ ಈ ಸೊಸೈಟಿ ಬೇರೆಯೇ ಲೋಕ. ನಾಲ್ಕು ಟವರುಗಳು, ನಡುವೆ ಈಜುಕೊಳ, ಸಂಜೆಯಾದರೆ ಬಣ್ಣ ಬದಲಿಸುತ್ತ ಕುಣಿಯುವ ಕಾರಂಜಿ. ಹಾಲಿನವನು ಗೇಟಿಗೆ ಬಂದರೂ ಅವನ ಮುಖ ನಮ್ಮ ಫೋನಿನಲ್ಲಿ ಮೂಡುತ್ತದೆ. ನಾವು ಹೂಂ ಎಂದು ಒತ್ತಿದರೆ ಮಾತ್ರ ಒಳಗೆ ಬಿಡುತ್ತಾರೆ. ವಿಮಾನಗಳು ಎಷ್ಟು ಕೆಳಗೆ ಹಾರುತ್ತವೆಂದರೆ, ನಮ್ಮ ಹನ್ನೊಂದನೇ ಮಹಡಿಯ ಬಾಲ್ಕನಿಯಿಂದ ಕಿಟಕಿಗಳನ್ನು ಎಣಿಸಬಹುದು. ಮಗ ವಿಮಾನ ರಿಪೇರಿ ಮಾಡುವ ಕಂಪನಿಯಲ್ಲಿ ಎಂಜಿನಿಯರ್. ಅವನೂ ಅವನ ಹೆಂಡತಿಯೂ ಸಿ ಟವರಿನಲ್ಲಿದ್ದಾರೆ. ನಾವಿಬ್ಬರೂ ಹತ್ತಿರವೇ ಇರಬೇಕೆಂದು ಹಟ ಹಿಡಿದು ನಮ್ಮನ್ನು ಎ ಟವರಿಗೆ ಕರೆತಂದವನೂ ಅವನೇ.

ಸೊಸೆ ಬೆಂಗಳೂರಿನವಳು, ಡಾಕ್ಟರು. ಆಪರೇಶನ್‌ಗೆ ಮೊದಲು ರೋಗಿಗೆ ಅರಿವಳಿಕೆ ಕೊಡುವ ಕೆಲಸ ಅವಳದು. ನಮ್ಮ ನಡುವೆ ಜಗಳ ಎಂಬುದೇ ಇರಲಿಲ್ಲ. ಜಗಳ ಆಡುವಷ್ಟು ಸಲಿಗೆಯೇ ಇರಲಿಲ್ಲ ಎಂದರೆ ಹೆಚ್ಚು ಸರಿ. ರವಿವಾರ ಅವಳು ಸ್ಟೀಲ್ ಡಬ್ಬಿಯಲ್ಲಿ ಸಾರು ತಂದುಕೊಡುತ್ತಿದ್ದಳು. ನಾನು "ಭಾಳ ಚಲೋ ಆಗೇತಿ" ಎನ್ನುತ್ತಿದ್ದೆ. ನಾನು ಜೋಳದ ರೊಟ್ಟಿ ಕಳಿಸಿದರೆ ಅವಳು ಫೋನ್ ಮಾಡಿ "ತುಂಬಾ ಚೆನ್ನಾಗಿತ್ತು ಅತ್ತೆ" ಎನ್ನುತ್ತಿದ್ದಳು. ನನ್ನ ಕೆಲವು ಮಾತು ಅವಳಿಗೆ ತಿಳಿಯುತ್ತಿರಲಿಲ್ಲ, ಅವಳ ಕೆಲವು ಮಾತು ನನಗೆ. ತಿಳಿಯದಿದ್ದಾಗ ಇಬ್ಬರೂ ನಗುತ್ತಿದ್ದೆವು. ಎರಡು ವರ್ಷ ಹೀಗೇ ನಡೆದಿತ್ತು.

ಸಭೆಯಲ್ಲಿ ನನ್ನ ಮಾತಿಗೆ ಯಾರಾದರೂ ನಗುತ್ತಾರೆಂದು ಕಾದೆ. ಅಷ್ಟರಲ್ಲಿ ಮುಂದಿನ ಸಾಲಿನಿಂದ ಒಂದು ಗಡುಸು ದನಿ ಬಂತು. "ಖೋ ಖೋ? ಕೋಣ್ ಮ್ಹಣಾಲಂ?"

ಯಾರು ಹೇಳಿದ್ದು ಎಂದು ಕೇಳಿದವರು ಬಿ ಟವರಿನ ನಿವೃತ್ತ ಹೆರಿಗೆ ಡಾಕ್ಟರು. ಎಪ್ಪತ್ತು ದಾಟಿದವರು, ಬೆಳ್ಳಗಿನ ಬಾಬ್ ಕೂದಲು, ಎಲ್ಲರೂ ಅವರನ್ನು ಮೌಶಿ, ಎಂದರೆ ಚಿಕ್ಕಮ್ಮ, ಎನ್ನುತ್ತಾರೆ. ನಾನು ಹೆದರಿಕೊಂಡೇ ಕೈ ಎತ್ತಿದೆ. ಅವರು ಎದ್ದು ನನ್ನ ತನಕ ನಡೆದು ಬಂದು, "ಆಡಿದ್ದೀಯಾ?" ಎಂದರು.

"ಸಾಲಿಯೊಳಗ... ಶಾಲೆಯಲ್ಲಿ ಆಡಿದ್ದೆ. ತಾಲ್ಲೂಕಿನ ಟೀಮಿನಲ್ಲಿದ್ದೆ."

"ನಾನು ಕಾಲೇಜಿನ ತನಕ ಆಡಿದವಳು," ಎಂದು ಮೌಶಿ ಸಭೆಯ ಕಡೆ ತಿರುಗಿದರು. "ನಿಂಬೆಹಣ್ಣು ಅವಲಕ್ಕಿ ಪೋಹೆಯ ಮೇಲೆ ಹಿಂಡಿಕೊಳ್ಳಿ. ಈ ಸಲ ಖೋ ಖೋ. ಎ, ಬಿ ಟವರು ಒಂದು ಕಡೆ. ಸಿ, ಡಿ ಇನ್ನೊಂದು ಕಡೆ. ಹೆಸರು ಕೊಡಿ."

ಆಮೇಲೆ ನೋಡಿ! ವಜ್ರದ ಓಲೆಯ ಪಂಜಾಬಿ ಹೆಂಗಸೊಬ್ಬಳು ಕುರ್ಚಿಯಿಂದ ಹಾರಿ ಎದ್ದು, "ನಾನು ಕಬಡ್ಡಿ ಆಡಿದ್ದೀನಿ, ನಡೆಯುತ್ತಾ?" ಎಂದಳು. ಬಟ್ಟೆ ಅಂಗಡಿಯವರ ಮನೆಯ ಮಾರವಾಡಿ ಸೊಸೆಯಂದಿರು ಇಬ್ಬರೂ ಒಟ್ಟಿಗೆ ಕೈ ಎತ್ತಿದರು. ಕೆಲವರಿಗೆ ಆಟದ ಹೆಸರು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ, ಆದರೂ ಬರೆಸಿದರು. ಕೊನೆಗೆ ಬಾಗಿಲ ಹತ್ತಿರದಿಂದ, "ಸಿ ಟವರ್‌ಗೆ ನನ್ನನ್ನೂ ಸೇರಿಸಿಕೊಳ್ಳಿ" ಎಂಬ ಪರಿಚಿತ ದನಿ ಕೇಳಿತು. ಆಸ್ಪತ್ರೆಯಿಂದ ನೇರವಾಗಿ ಬಂದಿದ್ದ ನನ್ನ ಸೊಸೆ, ಚೀಲ ಹೆಗಲಿಗೆ ಹಾಕಿಕೊಂಡೇ ನಿಂತಿದ್ದಳು. ನನ್ನ ಕಡೆ ನೋಡಿ ನಕ್ಕಳು. ಎಂದಿನ ಮರ್ಯಾದೆಯ ನಗು ಅದಲ್ಲ, ಏನೋ ಸವಾಲು ಇತ್ತು ಅದರಲ್ಲಿ.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಟಿವಿ ಸಣ್ಣಗೆ ಮಾಡಿ, "ಏನು? ನೀ ಓಡಾಕಿ? ಮೊಣಕಾಲ್ ನೋವು ಅಂತ ಲಿಫ್ಟ್ ಕೆಟ್ಟ ದಿನ ಕೆಳಗs ಇಳೀಲಿಲ್ಲ ನೀ," ಎಂದರು.

"ಅದು ಮೆಟ್ಟಲ ನೋವ್ರಿ. ಓಡೂದs ಬ್ಯಾರೆ."

"ಬರೋಬರ್," ಎಂದು ನಕ್ಕು ಮತ್ತೆ ಟಿವಿ ದೊಡ್ಡದು ಮಾಡಿದರು.

ಆಡುವುದೇನೋ ಸರಿ, ಆಡುವುದೆಲ್ಲಿ? ಕ್ರಿಕೆಟ್ಟಿನ ಜಾಗ ಗಟ್ಟಿ ನೆಲದ್ದು, ಬಿದ್ದರೆ ಹಲ್ಲು ಉಳಿಯುವುದಿಲ್ಲ. ಉಳಿದದ್ದು ಟವರುಗಳ ನಡುವಿನ ಹುಲ್ಲುಹಾಸು. ಮೆತ್ತಗೆ, ಹಸಿರಾಗಿ, ಚಾದರ ಹಾಸಿದ ಹಾಗೆ. ಆದರೆ ನಾಲ್ಕೂ ಮೂಲೆಗೆ 'ಹುಲ್ಲಿನ ಮೇಲೆ ನಡೆಯಬೇಡಿ' ಎಂಬ ಬೋರ್ಡು. ನಮ್ಮ ಸೊಸೈಟಿಯ ಚೇರ್ಮನ್‌ಗೆ ಆ ಹುಲ್ಲು ಪ್ರಾಣ. ಬ್ಯಾಂಕಿನ ದೊಡ್ಡ ಹುದ್ದೆಯಿಂದ ನಿವೃತ್ತರಾದವರು. ಬೆಳಿಗ್ಗೆ ಎದ್ದವರೇ ಬಾಲ್ಕನಿಯಿಂದ ಲಾನ್ ನೋಡಿ ಆಮೇಲೆ ಚಹಾ ಕುಡಿಯುತ್ತಾರೆ. ಯಾರ ಮನೆಯ ಮಗು ಚೆಂಡು ಹುಡುಕಲು ಒಳಗೆ ಕಾಲಿಟ್ಟರೂ ಮೇಲಿನಿಂದಲೇ ಚಪ್ಪಾಳೆ ತಟ್ಟಿ ಓಡಿಸುತ್ತಾರೆ.

ಮೌಶಿ, ನಾನು, ಪಂಜಾಬಿ ಹೆಂಗಸು ಮೂವರೂ ಅವರ ಮನೆಗೆ ಹೋದೆವು. ಅವರು ಬಾದಾಮಿ ಕೊಟ್ಟು, ಚಹಾ ಕೊಟ್ಟು, "ಲಾನ್ ಬಿಟ್ಟು ಬೇರೆ ಏನು ಬೇಕಾದರೂ ಕೇಳಿ" ಎಂದರು. ಆ ಹುಲ್ಲು ಎಲ್ಲಿಂದ ತರಿಸಿದ್ದು, ಅದಕ್ಕೆ ಎಂಥ ನೀರು, ಎಷ್ಟು ಸೂಕ್ಷ್ಮ ಎಂದೆಲ್ಲ ವಿವರಿಸಿದರು. ಮೌಶಿ ಬಾದಾಮಿ ತಿನ್ನುತ್ತ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದರು. "ನಿನ್ನ ಇಬ್ಬರು ಮಕ್ಕಳನ್ನೂ ಭೂಮಿಗೆ ತಂದವಳು ನಾನು. ದೊಡ್ಡವನು ಹುಟ್ಟಿದಾಗ ನೀನು ಆಸ್ಪತ್ರೆಯ ಹುಲ್ಲಿನ ಮೇಲೆ ಮಲಗಿ ಅತ್ತಿದ್ದು ನನಗೆ ನೆನಪಿದೆ. ಅಲ್ಲಿ ಇವತ್ತಿಗೂ ಹುಲ್ಲಿದೆ. ಗವತ್ ಪರತ್ ಯೇತಂ. ಹುಲ್ಲು ಮತ್ತೆ ಬರುತ್ತೆ ಕಣಪ್ಪ."

ಚೇರ್ಮನ್‌ರ ಹೆಂಡತಿ ಅಡುಗೆಮನೆಯಲ್ಲಿ ಜೋರಾಗಿ ನಕ್ಕಿದ್ದು ಕೇಳಿಸಿತು. ಚೇರ್ಮನ್ ಕೆಂಪಾದರು. ಕೊನೆಗೆ ಎರಡು ಷರತ್ತು ಹಾಕಿದರು: ಬೂಟು ಹಾಕಬಾರದು, ಸುಣ್ಣದ ಗೆರೆ ಎಳೆಯಬಾರದು.

ಬರಿಗಾಲಲ್ಲಿ ಆಡಬೇಕೆಂದದ್ದೇ ನಮಗೆ ವರವಾಯಿತು. ಗೆರೆಯ ಬದಲಿಗೆ ಹಾಸಲು ಬಟ್ಟೆಪಟ್ಟಿ ಬೇಕಿತ್ತಲ್ಲ, ಮೌಶಿ ಮತ್ತು ನಾನು ಗಾಂಧಿಬಾಗಿನ ಬಟ್ಟೆಪೇಟೆಗೆ ಹೋದೆವು. ಆ ಸಂದಿಯಲ್ಲಿ ಕೈಗಾಡಿಗಳನ್ನು ತಪ್ಪಿಸಿಕೊಂಡು ನುಗ್ಗುವಾಗಲೇ ಮೌಶಿ, "ಇದೇ ಪ್ರಾಕ್ಟೀಸು, ಎಡಕ್ಕೆ ಹೊರಳು, ಬಲಕ್ಕೆ ಹೊರಳು" ಎಂದು ಹಿಂದಿನಿಂದ ಕೂಗುತ್ತಿದ್ದರು. ಬಿಳಿ ಪಟ್ಟಿ ಕೊಂಡೆವು. ತಂಡಗಳಿಗೆ ಕಿತ್ತಳೆ ಮತ್ತು ಹಸಿರು ಬಣ್ಣದ ಅಂಗಿಗಳನ್ನೂ ಕೊಂಡೆವು. ಕಿತ್ತಳೆ ನಮ್ಮದು, ನಾಗಪುರದವರಾಗಿ ಕಿತ್ತಳೆ ಬಿಟ್ಟುಕೊಡುವುದುಂಟೇ!

ಮೊದಲ ದಿನದ ಪ್ರಾಕ್ಟೀಸು ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಹಿಡಿದು ನಗುತ್ತೇನೆ. ಇಬ್ಬನಿ ಇನ್ನೂ ಆರಿರಲಿಲ್ಲ. ಬರಿಗಾಲನ್ನು ಹುಲ್ಲಿಗೆ ಇಟ್ಟ ಕೂಡಲೇ ಎಲ್ಲರೂ ಚೀರಿದರು, ಚಳಿಗೆ. ಖೋ ಖೋದಲ್ಲಿ ಎರಡು ಕಂಬಗಳ ನಡುವೆ ಎಂಟು ಜನ ಸಾಲಾಗಿ ಕುಕ್ಕರಗಾಲಿನಲ್ಲಿ ಕೂರಬೇಕು. ಒಬ್ಬರ ಮುಖ ಆ ಕಡೆ, ಪಕ್ಕದವರದು ಈ ಕಡೆ. ಒಂಬತ್ತನೆಯವಳು ಎದುರು ತಂಡದವರನ್ನು ಬೆನ್ನಟ್ಟಬೇಕು. ಬೆನ್ನಟ್ಟುವವಳು ಸಾಲಿನ ನಡುವೆ ದಾಟುವಂತಿಲ್ಲ, ಹಿಂದಕ್ಕೆ ತಿರುಗುವಂತಿಲ್ಲ. ಓಡುವವರು ಮಾತ್ರ ಎಲ್ಲಿ ಬೇಕಾದರೂ ನುಸುಳಬಹುದು. ಸಾಕಾಯಿತೆಂದರೆ ಕೂತವಳ ಬೆನ್ನಿಗೆ ಹೊಡೆದು 'ಖೋ' ಎನ್ನಬೇಕು. ಆಗ ಅವಳು ಎದ್ದು ಓಡಬೇಕು. ನಮ್ಮವರು ಕೂತರು. ಮೌಶಿ ಸೀಟಿ ಊದಿದರು. ನಾನು ಓಡಿಹೋಗಿ ಪಂಜಾಬಿ ಗೆಳತಿಯ ಬೆನ್ನಿಗೆ ಹೊಡೆದು "ಖೋ!" ಎಂದೆ. ಅವಳು ಏಳಲಿಲ್ಲ. ಇನ್ನೊಮ್ಮೆ "ಖೋ!" ಎಂದೆ.

"ದೀದಿ, ಏಳೋಕೇ ಆಗ್ತಿಲ್ಲ," ಎಂದು ಹಾಗೆಯೇ ಪಕ್ಕಕ್ಕೆ ಉರುಳಿದಳು. ಅವಳು ಪಕ್ಕದವಳ ಮೇಲೆ, ಆಕೆ ಮುಂದಿನವಳ ಮೇಲೆ. ಅರ್ಧ ಸಾಲು ಹುಲ್ಲಿನ ಮೇಲೆ ಬಿದ್ದು ನಗುತ್ತಿತ್ತು. ಜಿಮ್ಮಿನಲ್ಲಿ ದಿನಾ ಬೆವರು ಹರಿಸುವವರಿಗೂ ಕುಕ್ಕರಗಾಲಿನಲ್ಲಿ ಕೂತು ಏಳಲು ಬರುತ್ತಿರಲಿಲ್ಲ.

ಆದರೆ ನನ್ನ ಕಾಲಿಗೆ ಎಲ್ಲ ನೆನಪಿತ್ತು. ಅದೇ ನನಗೆ ಆಶ್ಚರ್ಯ. ಲಂಗವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಶಾಲೆಯ ಬಯಲಲ್ಲಿ ಓಡಿದ ಕಾಲು ಅದು. ಕಂಬದ ಹತ್ತಿರ ಬಂದಾಗ ತಾನಾಗಿ ಎಡಗೈ ಕಂಬ ಹಿಡಿಯಿತು, ದೇಹ ಗಿರಕ್ಕನೆ ತಿರುಗಿತು. ಮೊಣಕಾಲು ನೋಯಿತು, ಇಲ್ಲವೆನ್ನುವುದಿಲ್ಲ. ಆದರೆ ನೋವು ಬೇರೆ ಯಾರದೋ ಎಂಬಂತಿತ್ತು. ದಿನ ಹೋದಂತೆ ಎಲ್ಲರೂ ಕುದುರಿದರು. ಲಿಫ್ಟಿನಲ್ಲಿ ಮೊದಲೆಲ್ಲ ಫೋನ್ ನೋಡುತ್ತ ನಿಲ್ಲುತ್ತಿದ್ದವರು ಈಗ, "ದೀದಿ, ಕಂಬದ ಹತ್ತಿರ ಹೇಗೆ ತಿರುಗೋದು?" ಎಂದು ಲಿಫ್ಟಿನ ಕಂಬಿಯನ್ನೇ ಹಿಡಿದು ತೋರಿಸಲು ಕೇಳುತ್ತಿದ್ದರು. ಸಿ, ಡಿ ಟವರಿನವರು ಸಂಜೆ ಪ್ರಾಕ್ಟೀಸು ಮಾಡುತ್ತಿದ್ದರು. ನಾನು ಬಾಲ್ಕನಿಯಿಂದ ಬಗ್ಗಿ ನೋಡುತ್ತಿದ್ದೆ. ನನ್ನ ಸೊಸೆ ಮಿಂಚಿನ ಹಾಗೆ ನುಸುಳುತ್ತಿದ್ದಳು. ಗಂಡ ಪಕ್ಕದಲ್ಲಿ ನಿಂತು, "ಈಕಿನ್ನ ಹಿಡಿಯೂದು ನಿಮ್ಮಪ್ಪನ ಕೈಲೂ ಆಗೂದಿಲ್ಲ," ಎಂದರು. ನನಗೆ ಹೆಮ್ಮೆಯೂ ಆಯಿತು, ಹೊಟ್ಟೆಯೂ ಉರಿಯಿತು.

ಆ ದಿನ ಬಂತು. ಧ್ವಜ ಹಾರಿಸಿ, ಜಿಲೇಬಿ ತಿಂದು, ಜನ ಹುಲ್ಲುಹಾಸಿನ ಸುತ್ತ ಸೇರಿದರು. ಎಲ್ಲ ಬಾಲ್ಕನಿಗಳೂ ತುಂಬಿದ್ದವು. ಯಾವ ಮನೆಯಲ್ಲಿ ಯಾರಿದ್ದಾರೆಂದು ಆವತ್ತೇ ನನಗೆ ಗೊತ್ತಾದದ್ದು. ಅಂಪೈರ್ ಮೌಶಿಯೇ. ಸಿ ಟವರಿನವರು, "ಅವರು ಬಿ ಟವರಿನವರಲ್ವಾ?" ಎಂದು ತಕರಾರು ತೆಗೆದಾಗ ಮೌಶಿ, "ಸೀಟಿ ಬಾಯಲ್ಲಿರುವಾಗ ನನಗೆ ಟವರ್ ಇಲ್ಲ" ಎಂದರು.

ಮೊದಲು ಅವರು ಬೆನ್ನಟ್ಟಿದರು, ನಾವು ಓಡಿದೆವು. ಮೂರು ಮೂರು ಜನರಾಗಿ ಒಳಗೆ ಇಳಿಯಬೇಕು. ನಾನು ಎರಡನೇ ಗುಂಪಿನಲ್ಲಿಳಿದೆ. ಉಸಿರು ಕಟ್ಟುವ ತನಕ ಆಡಿಸಿ, ಕೊನೆಗೆ ಡಿ ಟವರಿನ ಒಬ್ಬ ಟೀಚರಮ್ಮನ ಕೈಗೆ ಸಿಕ್ಕೆ. ಒಟ್ಟು ಒಂಬತ್ತೂ ಜನ ನಮ್ಮವರು ಔಟಾದರು. ಈಗ ನಮ್ಮ ಸರದಿ. ಮೌಶಿಯ ಸೀಟಿ, ಬಾಲ್ಕನಿಗಳ ಕೂಗು, "ಖೋ! ಖೋ!" ಎಂಬ ನಮ್ಮ ಕಿರುಚಾಟ. ಪಂಜಾಬಿ ಗೆಳತಿ ಹುಲಿಯಂತೆ ಹಾರಿ ಇಬ್ಬರನ್ನು ಹಿಡಿದಳು. ಮಾರವಾಡಿ ಸೊಸೆಯಂದಿರು ಕಣ್ಣಿನಲ್ಲೇ ಮಾತಾಡಿಕೊಂಡು ಮೂವರನ್ನು ಮೂಲೆಗೆ ಒತ್ತಿದರು. ಆರು ಆಯಿತು, ಏಳು ಆಯಿತು, ಎಂಟೂ ಆಯಿತು. ಇನ್ನೊಬ್ಬರನ್ನು ಹಿಡಿದರೆ ಸಮ. ಒಳಗಿದ್ದ ಕೊನೆಯ ಗುಂಪಿನಲ್ಲಿ ಉಳಿದವಳು ಒಬ್ಬಳೇ, ನನ್ನ ಸೊಸೆ.

ಅವಳು ಸಾಲಿನಲ್ಲಿ ಹಾವಿನಂತೆ ಹರಿದಾಡಿದಳು. ಒಬ್ಬೊಬ್ಬರೇ ಎದ್ದು ಬೆನ್ನಟ್ಟಿ ಸುಸ್ತಾದರು. ಆಗ ನನ್ನ ಬೆನ್ನಿಗೆ ದಬ್ ಎಂದು ಏಟು ಬಿತ್ತು. "ಖೋ!"

ಎದ್ದೆ. ಅವಳು ನನ್ನ ಮುಂದೆಯೇ ಇದ್ದಳು. ತಿರುಗಿ ನೋಡಿದಳು, ನಾನೇ ಎಂದು ಕಂಡು ಕಣ್ಣರಳಿಸಿ, "ಅಯ್ಯೋ!" ಎಂದು ಓಟ ಕಿತ್ತಳು. ನಾನೂ ಓಡಿದೆ. ಗಾಳಿ ಕಿವಿಯಲ್ಲಿ ಭೋರ್ ಎನ್ನುತ್ತಿತ್ತು. ಕಂಬದ ಹತ್ತಿರ ಅವಳು ಒಂದು ಕ್ಷಣ ತಡವರಿಸಿದಳು, ಸಾಲಿನ ಆ ಕಡೆಗೆ ನುಸುಳಲು ಬಾಗಿದಳು. ನಾನು ಯೋಚಿಸಲಿಲ್ಲ. ಹಾರಿದೆ. ನನ್ನ ಕೈ ಅವಳ ಹೆಗಲಿಗೆ ತಾಗಿತು. ಇಬ್ಬರೂ ಹುಲ್ಲಿನ ಮೇಲೆ ಉರುಳಿದೆವು. ಟವರುಗಳೇ ಬೀಳುವಂಥ ಕೂಗು ಎದ್ದಿತು.

ಮೌಶಿ ಸೀಟಿ ಊದಿ ಕೈ ಅಡ್ಡ ಆಡಿಸಿದರು. "ಫೌಲ್! ಕಾಲು ಪಟ್ಟಿ ದಾಟಿತು. ಔಟ್ ಇಲ್ಲ."

ನನಗೆ ಎಲ್ಲಿತ್ತೋ ಆ ಸಿಟ್ಟು! ಮರಾಠಿ ಹಿಂದಿ ಎಲ್ಲ ಮರೆತು ವಿಜಯಪುರದ ಮಾತಿನಲ್ಲೇ ಒದರಿದೆ. "ಎಲ್ಲೈತ್ರಿ ಫೌಲು? ಕಾಲ್ ಈ ಕಡೇನs ಇತ್ತು! ಕಣ್ಣ ತಗದ್ ನೋಡ್ರಿ!"

ಮೌಶಿಗೆ ಒಂದು ಅಕ್ಷರವೂ ಅರ್ಥವಾಗಲಿಲ್ಲ. ಉತ್ತರ ಬಂದದ್ದು ಪಕ್ಕದಿಂದ. ಸೊಸೆ ಕೂದಲಲ್ಲಿ ಹುಲ್ಲು ಸಿಕ್ಕಿಸಿಕೊಂಡು ಎದ್ದು ನಿಂತಿದ್ದಳು. "ಅತ್ತೆ, ಕಾಲು ದಾಟಿತ್ತು! ನಾನೇ ನೋಡ್ದೆ!"

"ನೀ ಏನ್ ನೋಡಿದಿ? ಬೆನ್ನಾಗ ಕಣ್ಣ ಅದಾವೇನ್ ನಿನಗ? ಸುಳ್ಳ ಹೇಳಬ್ಯಾಡ!"

"ಸುಳ್ಳು ಹೇಳೋದು ನಾನಾ? ಪ್ರತಿ ಭಾನುವಾರ ನನ್ನ ಸಾರು ಚೆನ್ನಾಗಿದೆ ಅಂತೀರಲ್ಲ, ಅದೇನು? ಮಾವ ಹೇಳಿದ್ರು ನಂಗೆ, ನೀವು ಅದಕ್ಕೆ ಮತ್ತೆ ಖಾರ ಹಾಕಿ ಕುದಿಸ್ತೀರಂತೆ!"

ನಾನು ಗಂಡನ ಕಡೆ ಕೆಕ್ಕರಿಸಿ ನೋಡಿದೆ. ಆಮೇಲೆ ಬಾಯಿಗೆ ಬಂದದ್ದು ಬಂದೇ ಬಿಟ್ಟಿತು. "ಮತ್ತೇನ್ ಮಾಡ್ಲಿ? ಸಾರಿನ್ಯಾಗ ಬೆಲ್ಲ ಯಾರs ಹಾಕ್ತಾರ? ಸಾರೋ ಪಾಯಸೋ ಅದು?"

"ನಿಮ್ಮ ರೊಟ್ಟಿ ತಿಂದು ನನ್ನ ದವಡೆ ಎರಡು ದಿನ ನೋಯತ್ತೆ! ನಾನು ಯಾವತ್ತಾದ್ರೂ ಹೇಳಿದೀನಾ?"

"ಕಟಕ್ ರೊಟ್ಟಿ ಅದು! ನೆನಸಿ ತಿನ್ಬೇಕವಾ ಹುಚ್ಚಿ!"

"ಹಾಗಂತ ಹೇಳ್ಬೇಕಲ್ವಾ!"

ಸುತ್ತ ಜನ ಗಾಬರಿಯಾಗಿದ್ದರು. ಯಾರಿಗೂ ಕನ್ನಡ ತಿಳಿಯದು. ಅತ್ತೆ ಸೊಸೆಯ ಮನೆ ಮುರಿಯಿತು ಎಂದೇ ಅಂದುಕೊಂಡಿರಬೇಕು. ಪಂಜಾಬಿ ಗೆಳತಿ ನನ್ನ ತೋಳು ಹಿಡಿದು, "ದೀದಿ, ಬಿಟ್ಟುಬಿಡಿ" ಎಂದಳು. ಚೇರ್ಮನ್ ನನ್ನ ಗಂಡನ ಹತ್ತಿರ ಓಡಿಹೋಗಿ, ಏನು ಹೇಳುತ್ತಿದ್ದಾರೆ ಇವರು ಎಂದು ಕೇಳಿದರು. ನನ್ನ ಗಂಡ ಕಣ್ಣೀರು ಒರೆಸಿಕೊಳ್ಳುತ್ತಿದ್ದರು. ನಕ್ಕು ನಕ್ಕು ಬಂದ ಕಣ್ಣೀರು. "ಕುಛ್ ನಹೀಂ ಸಾಹೇಬ್," ಎಂದರು. "ದಾಲ್ ಕೀ ಬಾತ್ ಹೈ." ಪಕ್ಕದಲ್ಲಿ ಮಗ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತುಬಿಟ್ಟಿದ್ದ.

ಆ ಸಾರಿನ ಮಾತು ನಮ್ಮಿಬ್ಬರ ಕಿವಿಗೂ ಬಿತ್ತು. ನಾನು ಸೊಸೆಯ ಮುಖ ನೋಡಿದೆ. ಅವಳ ತುಟಿ ಅದುರಿತು. ನನ್ನದೂ. ಮೊದಲು ನಕ್ಕವರು ಯಾರೋ ಗೊತ್ತಿಲ್ಲ. ಹುಲ್ಲಿನ ಮೇಲೆ ಮತ್ತೆ ಕೂತೆವು, ಒಬ್ಬರ ಹೆಗಲಿಗೆ ಒಬ್ಬರು ಒರಗಿ ನಕ್ಕೆವು. ಎರಡು ವರ್ಷದ ನಗು ಒಟ್ಟಿಗೆ ಬಂದ ಹಾಗಿತ್ತು.

ಮೌಶಿ ಗಡಿಯಾರ ನಿಲ್ಲಿಸಿದ್ದರು. "ಊಟದ ಮಾತು ಮುಗಿಯಿತಾ? ಆಟ ಇನ್ನೂ ಇದೆ," ಎಂದು ಸೀಟಿ ಊದಿದರು. ನಾವು ಮತ್ತೆ ಎದ್ದೆವು. ಉಳಿದ ಹೊತ್ತಿನಲ್ಲಿ ಅವಳನ್ನು ಹಿಡಿಯಲು ನಾವು ಒಂಬತ್ತು ಜನ ಏನೆಲ್ಲ ಮಾಡಿದೆವು! ಆಗಲಿಲ್ಲ. ಒಂಬತ್ತು, ಎಂಟು. ನಾವು ಸೋತೆವು. ಹಸಿರಂಗಿಯವರು ಅವಳನ್ನು ಎತ್ತಿಕೊಂಡು ಕಾರಂಜಿಯ ಸುತ್ತ ಕುಣಿದರು. ನಾನೂ ಹೋಗಿ ಕುಣಿದೆ. ನಮ್ಮ ತಂಡದವರು ನನ್ನನ್ನು ದ್ರೋಹಿ ಎಂದು ಬೈದು, ತಾವೂ ಬಂದು ಸೇರಿದರು.

ಸಂಜೆ ಸೊಸೆ ಮುಲಾಮು ಹಿಡಿದುಕೊಂಡು ಬಂದಳು. ನನ್ನ ಮೊಣಕಾಲು ಊದಿತ್ತು. ಸೋಫಾದ ಕೆಳಗೆ ಕೂತು ಹಚ್ಚುತ್ತ, "ಡಬ್ಬಿ ತಂದಿದ್ದೀನಿ. ಈ ಸಲ ಬೆಲ್ಲ ಡಬಲ್ ಹಾಕಿದೀನಿ. ಎಲ್ಲರ ಮುಂದೆ ಬೈದ್ರಲ್ಲ, ತಿನ್ನಿ," ಎಂದಳು.

"ನಾ ತಿನ್ನೂದಿಲ್ಲವಾ. ನಿಮ್ಮ ಮಾವಗ ಹಾಕು. ಚಾಡಿ ಹೇಳಿದಾವ್ರು ಅವ್ರs ಅಲಾ."

ಅವಳು ಅಡುಗೆಮನೆಗೆ ಹೋಗಿ, ಕೇಳದೆಯೇ ಡಬ್ಬಗಳನ್ನು ತೆರೆದು ನೋಡಿ, ಶೇಂಗಾಚಟ್ನಿ ಹುಡುಕಿ ತಂದು ಬಟ್ಟಲಲ್ಲಿ ಹಾಕಿಕೊಂಡು ಕೂತಳು. ರೊಟ್ಟಿಯನ್ನು ನೀರು ಚಿಮುಕಿಸಿ ಮೆತ್ತಗೆ ಮಾಡುವುದನ್ನು ಕಲಿಸಿದೆ. ನಾಲ್ಕು ತಿಂದಳು.

ಕಥೆ ಇಲ್ಲಿಗೆ ನಿಲ್ಲಲಿಲ್ಲ. ಆಟವನ್ನು ಯಾರೋ ವಿಡಿಯೋ ಮಾಡಿದ್ದರು. ಅದು ಫೋನಿನಿಂದ ಫೋನಿಗೆ ಹಾರಿ ನಾವು ಮೊದಲಿದ್ದ ರೈಲ್ವೆ ಕ್ವಾರ್ಟರ್ಸ್ ಮುಟ್ಟಿತು. ಅಲ್ಲಿ ನಮ್ಮ ಗೋಡೆಗೆ ಗೋಡೆ ಹತ್ತಿಕೊಂಡಿದ್ದ ಗದಗಿನ ಗೆಳತಿ ಫೋನ್ ಮಾಡಿದಳು.

"ಏನವಾ, ದೊಡ್ಡ ಗೇಟಿನ ಒಳಗ ಹೋಗಿ ಸೊಸಿ ಕೂಡ ಜಗಳಾಡ್ಕೋತ ಖೋ ಖೋ ಆಡಾಕತ್ತೀಯಂತ?"

"ಆಡಿದ್ವಿ. ಏನೀಗ?"

"ನಮ್ಮ ಕೂಡ ಆಡ್ರಿ ತಾಕತ್ತಿದ್ರ."

ನಾನು ಮೌಶಿಗೆ ಹೇಳಿದೆ. ಮೌಶಿ ಕುರ್ಚಿಯ ಕೈಗೆ ಗುದ್ದಿ, "ಬೋಲಾವ್!" ಎಂದರು. ಕರೆ ಅವರನ್ನು!

ಒಂದು ರವಿವಾರ ಬೆಳಿಗ್ಗೆ ಬಾಡಿಗೆ ಬಸ್ಸೊಂದು ನಮ್ಮ ಗೇಟಿಗೆ ಬಂದು ನಿಂತಿತು. ಬಸ್ಸಿನ ತುಂಬ ಹೆಂಗಸರು. ಕಿಟಕಿಯಿಂದ ಕೈ ಆಡಿಸುತ್ತಿದ್ದರು, ಹಾಡುತ್ತಿದ್ದರು. ಗೇಟಿನ ಕಾವಲಿನವರು ಕಂಗಾಲಾದರು. ಒಬ್ಬೊಬ್ಬರ ಫೋಟೋ ತೆಗೆಯಬೇಕು, ಯಾರ ಮನೆಗೆ ಎಂದು ಕೇಳಬೇಕು, ಆ ಮನೆಯವರು ಹೂಂ ಎನ್ನಬೇಕು. ನನ್ನ ಫೋನು ಟಿಣ್ ಟಿಣ್ ಎಂದು ಬಡಿದುಕೊಳ್ಳತೊಡಗಿತು. ಒಂದೊಂದು ಮುಖವೂ ಮೂಡುತ್ತಿತ್ತು, ಎಲ್ಲ ನನಗೆ ಬೇಕಾದ ಮುಖಗಳೇ. ಒತ್ತಿ ಒತ್ತಿ ಬೆರಳು ಸೋತಿತು. ನಡುವೆ ಫೋನೇ ಕೈಕೊಟ್ಟು ನಿಂತೇಬಿಟ್ಟಿತು. ನಾನು ಗೇಟಿಗೆ ಓಡಿದೆ, ಹಿಂದೆ ಸೊಸೆ. ನಾವು ತಲುಪುವಷ್ಟರಲ್ಲಿ ಚೇರ್ಮನ್ ಅಲ್ಲಿದ್ದರು, ಬೆಳಗಿನ ನಡಿಗೆಯ ಟೋಪಿ ಹಾಕಿಕೊಂಡು.

"ಯಾರಿವರು?" ಎಂದರು.

"ಖೋ ಖೋ ಆಡೋಕೆ ಬಂದಿದ್ದಾರೆ ಸರ್. ನನ್ನ ಹಳೆಯ ಮನೆಯ ನೆರೆಯವರು."

ಅವರು ಬಸ್ಸನ್ನು ನೋಡಿದರು. ಕಿಟಕಿಯಲ್ಲಿದ್ದವರು "ನಮಸ್ಕಾರ ಸಾಹೇಬ್!" ಎಂದು ಒಟ್ಟಿಗೆ ಕೂಗಿದರು. ಚೇರ್ಮನ್ ತಾವೇ ಹೋಗಿ ಅಡ್ಡಕಂಬಿ ಎತ್ತಿ ಹಿಡಿದರು. ಬಸ್ಸು ಒಳಗೆ ಬರುವ ತನಕ ಹಿಡಿದುಕೊಂಡೇ ನಿಂತರು. "ಬೂಟು ಮಾತ್ರ ಬೇಡ," ಎಂದು ಹಿಂದಿನಿಂದ ಕೂಗಿದರು.

ಅವರಲ್ಲಿ ಯಾರೂ ಬೂಟು ಹಾಕಿರಲಿಲ್ಲ. ಎಲ್ಲರೂ ಚಪ್ಪಲಿ ಬಿಟ್ಟು, ಸೆರಗು ಬಿಗಿದು, ನೇರವಾಗಿ ಹುಲ್ಲಿಗೆ ಇಳಿದರು. ನಮ್ಮ ಆಟಕ್ಕೆ ಆಗಲೇ ನಡುವೆ ಹುಲ್ಲು ಸವೆದು ಮಣ್ಣು ಕಾಣುತ್ತಿತ್ತು. ನಾವು ನಾಲ್ಕೂ ಟವರಿನವರು ಸೇರಿ ಒಂದು ತಂಡ. ನಾನೂ ಸೊಸೆಯೂ ಈ ಸಲ ಒಂದೇ ಸಾಲಿನಲ್ಲಿ. ಆ ಕ್ವಾರ್ಟರ್ಸಿನ ಹೆಂಗಸರು ನಮ್ಮನ್ನು ಹಣ್ಣುಗಾಯಿ ನೀರುಗಾಯಿ ಮಾಡಿದರು. ಸುಳ್ಳೇಕೆ ಹೇಳಲಿ! ಅವರು ಚಳಿಗಾಲವಿಡೀ ಸಂಜೆ ಆಡುವವರಂತೆ. ನಾನು ಬಿಟ್ಟುಬಂದ ಮೇಲೆ ಶುರುಮಾಡಿದ್ದರಂತೆ. ನಾನು ಅಲ್ಲಿದ್ದಷ್ಟು ವರ್ಷ ಇವರಿಗೆಲ್ಲ ಇದು ಹೊಳೆಯಲಿಲ್ಲವಲ್ಲ ಎಂದು ಓಡುತ್ತಲೇ ಬೈದೆ. ಗದಗಿನ ಗೆಳತಿ ಓಡುತ್ತಲೇ ನಕ್ಕಳು.

ಅವಳನ್ನಂತೂ ಬಿಡಬಾರದೆಂದು ನಾನು ನಿಶ್ಚಯಿಸಿದ್ದೆ. ಬೆನ್ನಟ್ಟಿದೆ. ಅವಳು ಕಂಬ ಬಳಸಿ ಹಿಂದಕ್ಕೆ ಜಾರಿದಳು. ನನಗೆ ತಿರುಗುವಂತಿಲ್ಲ. ಎದುರಿಗೆ ಕೂತಿದ್ದವಳು ಸೊಸೆ. ಶಕ್ತಿಯೆಲ್ಲ ಕೈಗೆ ತಂದು ಅವಳ ಬೆನ್ನಿಗೆ ಬಾರಿಸಿದೆ. "ಖೋ!" ಅವಳು ಬಾಣದಂತೆ ಹೊರಟಳು. ನಾಲ್ಕೇ ಹೆಜ್ಜೆ. ಗದಗಿನ ಗೆಳತಿಯ ಸೆರಗಿನ ತುದಿ ಅಲ್ಲ, ತೋಳನ್ನೇ ಹಿಡಿದಳು. "ಔಟ್!" ಎಂದು ಮೌಶಿ ಸೀಟಿ ಊದಿದಾಗ ಬಾಲ್ಕನಿಗಳಿಂದ ಎದ್ದ ಕೂಗಿಗೆ ಮರದ ಪಾರಿವಾಳಗಳೆಲ್ಲ ಹಾರಿದವು. ಸೊಸೆ ಓಡಿಬಂದು ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿ ಇಳಿಸಿದಳು. ಅವಳ ಕೈ ಅಷ್ಟು ಗಟ್ಟಿ ಎಂದು ನನಗೆ ಗೊತ್ತಿರಲಿಲ್ಲ.

ಸೋತ ಸಿಟ್ಟಿಗೋ ಖುಷಿಗೋ, ಎಲ್ಲರೂ ಹುಲ್ಲಿನ ಮೇಲೆಯೇ ಕೂತು ತರ್ರಿ ಹಾಕಿದ ಪೋಹೆ ತಿಂದೆವು. ಖಾರದ ರಸಕ್ಕೆ ಬೆಂಗಳೂರಿನವಳ ಮೂಗಿನಿಂದ ನೀರು ಸುರಿಯಿತು. ಗದಗಿನವಳು ತನ್ನ ಸೆರಗಿನಿಂದಲೇ ಒರೆಸಿದಳು. ಚೇರ್ಮನ್ ತಟ್ಟೆ ಹಿಡಿದುಕೊಂಡು ಸವೆದ ಜಾಗದ ಪಕ್ಕ ನಿಂತಿದ್ದರು. ಬಹಳ ಹೊತ್ತು ಆ ಮಣ್ಣನ್ನೇ ನೋಡಿ, ಆಮೇಲೆ ಅವರೂ ಚಪ್ಪಲಿ ಬಿಟ್ಟು ಕೂತರು.

ಮಾರನೆಯ ದಿನ ನನ್ನ ಗಂಟಲು ಪೂರ್ತಿ ಕೂತುಹೋಗಿತ್ತು. ಒಂದು ಶಬ್ದ ಹೊರಡದು. ವಿಜಯಪುರದಿಂದ ನನ್ನ ಅಕ್ಕ ಫೋನ್ ಮಾಡಿದಾಗ ಸೊಸೆಯೇ ಎತ್ತಿಕೊಂಡಳು. ನನ್ನನ್ನು ನೋಡಿಕೊಂಡು ಆಸ್ಪತ್ರೆಗೆ ಹೊರಟು ನಿಂತವಳು ಬಾಗಿಲಲ್ಲೇ ಚೀಲ ಕೆಳಗಿಟ್ಟು, "ದೊಡ್ಡಮ್ಮ, ಅತ್ತೆ ಮಾತಾಡಕ್ಕಾಗಲ್ಲ, ನಾನೇ ಹೇಳ್ತೀನಿ ಕೇಳಿ" ಎಂದು ಶುರುಮಾಡಿದಳು. ಬಸ್ಸು ಬಂದದ್ದು, ಗೇಟು ತೆರೆದದ್ದು, ಕಂಬದ ಹತ್ತಿರದ ಓಟ. ನಾನು ಹಾಸಿಗೆಯಲ್ಲಿ ಎದ್ದು ಕೂತು ಕೇಳುತ್ತಿದ್ದೆ. ಅವಳು ಹೇಳುವ ರಭಸಕ್ಕೆ ಆ ಕಡೆಯಿಂದ ಅಕ್ಕ "ಹೌದಾ? ಮುಂದ? ಮುಂದ ಏನಾತು?" ಎನ್ನುವುದು ನನಗೂ ಕೇಳಿಸುತ್ತಿತ್ತು.